ಚಿಕ್ಕಪ್ಪನಿಗೆ ಯಾವ ಮೀಟರ್?

14 ನವೆಂಬರ್ 2024, ಗುರುವಾರ

ಸಂಜೆ ಚಿಕ್ಕಪ್ಪನ ಫೋನ್ ಬಂತು. "ದೆವ್ವ ಹುಡುಕೋಕೆ ಹೋಗ್ತೀರಲ್ಲ, ಆ ಇಎಂಎಫ್ ಮೀಟರ್‌ನಲ್ಲಿ ಯಾವುದು ಒಳ್ಳೇದು?" ಅಂದರು. ಸುತ್ತಲಿನ ವಿದ್ಯುತ್ಕಾಂತ ಕ್ಷೇತ್ರ ಅಳೆಯುವ ಸಾಧನ ಅದು; ಕ್ಷೇತ್ರ ಏರಿದರೆ ದೆವ್ವ ಇದೆ ಅಂತ ಹುಡುಕುವವರ ನಂಬಿಕೆ. ನನ್ನ ಈ ಹುಚ್ಚನ್ನು ನೋಡಿ ಇಷ್ಟು ವರ್ಷ ನಕ್ಕವರು ಅವರೇ. ಕೇಳಿದ್ದೇ ತಡ, ನಾನು ಉತ್ಸಾಹದಲ್ಲಿ ಶುರು ಹಚ್ಚಿಕೊಂಡೆ.

ಮೊದಲು ಕೆ2 ಅನ್ನೋ ಮೀಟರಿಗೆ ಬೈದೆ. ವಿಡಿಯೊಗಳಲ್ಲಿ ಎಲ್ಲರ ಕೈಯಲ್ಲೂ ಇರುವುದು ಅದೇ ತಾನೆ? ಹಸಿರಿನಿಂದ ಕೆಂಪಿನವರೆಗೆ ಐದು ದೀಪ, ಅಷ್ಟೇ. ಕೊನೆಯದು ಹತ್ತಿದರೆ 20 ಮಿಲಿಗಾಸ್ (ಕಾಂತಕ್ಷೇತ್ರ ಅಳೆಯುವ ಮಾನ) ದಾಟಿತು ಅಂತ ಗೊತ್ತಾಗುತ್ತೆ. ಇಪ್ಪತ್ತೊಂದೋ ಇನ್ನೂರೋ, ಅದನ್ನು ಹೇಳಲ್ಲ. ಅದು ಅಳೆಯುವುದೂ ಒಂದೇ ದಿಕ್ಕಿನಲ್ಲಿ. ಅದೇ ಜಾಗದಲ್ಲಿ ಮೀಟರನ್ನು ಸ್ವಲ್ಪ ಹೊರಳಿಸಿ, ಬೇರೆ ದೀಪ ಹತ್ತುತ್ತೆ. ಕತ್ತಲಲ್ಲಿ ಕೈ ತಿರುಗಿದ್ದಕ್ಕೇ "ಬಂತು, ಬಂತು" ಅಂತ ಕೂಗುವವರನ್ನು ನೋಡಿದ್ದೇನೆ.

ಟ್ರೈಫೀಲ್ಡ್ ಟಿಎಫ್2 ಹಾಗಲ್ಲ. ಮೂರು ದಿಕ್ಕನ್ನೂ ಸೇರಿಸಿ ಅಂಕಿಯಲ್ಲೇ ತೋರಿಸುತ್ತೆ. ಗುಂಡಿ ತಿರುಗಿಸಿದರೆ ಕಾಂತಕ್ಷೇತ್ರ ಬೇರೆ, ವಿದ್ಯುತ್ ಕ್ಷೇತ್ರ ಬೇರೆ, ರೇಡಿಯೊ ಅಲೆ ಬೇರೆ. ತನಿಖೆಗೆ ಬೇಕಾದದ್ದು ಇದೇ ಅಂದೆ. ಮೊದಲು ಹಗಲಲ್ಲಿ ಮನೆಯೆಲ್ಲ ಓಡಾಡಿ ಎಲ್ಲೆಲ್ಲಿ ಎಷ್ಟಿದೆ ಅಂತ ಬರೆದುಕೊಳ್ಳಬೇಕು. ಆಮೇಲೆ ಮೇನ್ ಆಫ್ ಮಾಡಿ ಇನ್ನೊಂದು ಸುತ್ತು. ಅದಿಲ್ಲದೆ ರಾತ್ರಿ ಮೀಟರ್ ಹಿಡಿದು ನಿಂತರೆ ಸಿಗುವುದು ಗೋಡೆಯೊಳಗಿನ ವಯರ್ ಮಾತ್ರ.

"ಮೆಲ್ ಮೀಟರ್ ಅಂತಾನೂ ಇದೆಯಲ್ಲ?"

ಇದೆ. ಇಎಂಎಫ್ ಜೊತೆಗೆ ಉಷ್ಣಾಂಶವನ್ನೂ ತೋರಿಸುತ್ತೆ. ಅಮೆರಿಕದ ಇಂಜಿನಿಯರ್ ಒಬ್ಬರು ಕಾರು ಅಪಘಾತದಲ್ಲಿ ತೀರಿಹೋದ ಮಗಳ ಹೆಸರಲ್ಲಿ ಮಾಡಿದ್ದು. ಮಾಡೆಲ್ ನಂಬರ್ 8704. ಅವಳು ಹುಟ್ಟಿದ್ದು 1987, ಹೋಗಿದ್ದು 2004. ನಾನು ಹೇಳುತ್ತಲೇ ಇದ್ದೆ, ಆ ಕಡೆಯಿಂದ ಹೂಂಗುಟ್ಟುವುದು ನಿಂತಿತ್ತು.

"ಕೆ2 ಆಗಲೇ ತಂದಾಗಿದೆ ಮರಿ," ಅಂದರು ಆಮೇಲೆ. "ನಿನ್ನ ಚಿಕ್ಕಮ್ಮನ ಮಂಚದ ಪಕ್ಕ ಇಟ್ಟರೆ ಮಿನುಗುತ್ತೆ. ಬೇರೆ ಎಲ್ಲೂ ಇಲ್ಲ."

ಏನು ಹೇಳಲಿ? ಬಾಯಿಗೆ ಬಂದದ್ದು ಅದೇ ಹಳೇ ಪ್ರಶ್ನೆಗಳು. ಗೋಡೆಯ ಆಚೆ ಫ್ರಿಜ್ ಇದೆಯಾ? ಕಂಪ್ರೆಸರ್ ಶುರುವಾದಾಗ ದೀಪ ಏರುತ್ತೆ. ಇಲ್ಲವಂತೆ. ಮೇನ್ ಆಫ್ ಮಾಡಿ ನೋಡಿದ್ರಾ? "ನೋಡಿದೆ. ಆಗಲೂ ಮಿನುಗ್ತು." ಯಾವ ಹೊತ್ತಿಗೆ, ಎಷ್ಟು ದೀಪ, ಎಷ್ಟು ಹೊತ್ತು, ಎಲ್ಲ ನೋಟ್‌ಬುಕ್‌ನಲ್ಲಿ ಗೆರೆ ಹಾಕಿ ಬರೆದಿಟ್ಟಿದ್ದಾರೆ. ಓದಿ ಹೇಳಿದರು. ನಮ್ಮ ತಂಡದಲ್ಲಿ ಒಬ್ಬರಿಗೂ ಇಷ್ಟು ಶಿಸ್ತಿಲ್ಲ.

"ನಿಮ್ಮ ಮೊಬೈಲ್?"

"ಹಾಲ್‌ನಲ್ಲೇ ಬಿಟ್ಟು ಬರ್ತೀನಪ್ಪ, ಅಷ್ಟೂ ಗೊತ್ತಾಗಲ್ವಾ? ಅವಳದು ಮಾತ್ರ ಡ್ರಾಯರ್‌ನಲ್ಲಿದೆ. ದಿನಾ ಚಾರ್ಜ್ ಮಾಡಿಡ್ತೀನಿ. ನಂಬರ್ ಹೋಗಬಾರದು ನೋಡು."

ಹೂಂ ಅಂದೆ.

ಆನ್ ಇರುವ ಮೊಬೈಲನ್ನು ಯಾರೂ ಮುಟ್ಟಬೇಕಾಗಿಲ್ಲ. ಅದರ ಪಾಡಿಗೆ ಅದು ಆಗಾಗ ಟವರ್‌ಗೆ ಸಿಗ್ನಲ್ ಕಳಿಸುತ್ತಿರುತ್ತೆ. ಹತ್ತಿರದಲ್ಲಿ ಕೆ2 ಇದ್ದರೆ ದೀಪ ಕುಣಿಯುತ್ತೆ. ಈ ಹವ್ಯಾಸಕ್ಕೆ ಬಂದವರು ಮೊದಲು ಕಲಿಯುವ ಪಾಠವೇ ಇದು. ಹೊಸಬರಿಗೆ ನಾನೇ ಜೇಬಲ್ಲಿ ಫೋನ್ ಇಟ್ಟುಕೊಂಡು ತೋರಿಸಿ ನಗಿಸುತ್ತೇನೆ.

"ಹೌದು ಅಂದ್ರೆ ಎರಡು ಸಲ ಮಿನುಗಿಸು" ಅಂತ ದೆವ್ವಕ್ಕೆ ಹೇಳಿ ವಿಡಿಯೊ ಮಾಡುವವರ ಮೇಲೆ ಈಗ ಎಲ್ಲಿಲ್ಲದ ಸಿಟ್ಟು ಬರುತ್ತಿದೆ. ಚಿಕ್ಕಪ್ಪನೂ ಹಾಗೆ ಕೇಳಿದ್ದಾರಾ? ನಾನು ಕೇಳಲಿಲ್ಲ.

ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನವರು ಒಂದು ಪ್ರಯೋಗ ಮಾಡಿದ್ದರು. 2009ರಲ್ಲಿ ಪ್ರಕಟವಾಯಿತು. ಖಾಲಿ ಕೋಣೆಯಲ್ಲಿ ಜನರನ್ನು ಬಿಟ್ಟು, ಅವರಿಗೆ ಕಾಣದಂತೆ ವಿದ್ಯುತ್ಕಾಂತ ಕ್ಷೇತ್ರವನ್ನೂ ಕಿವಿಗೆ ಕೇಳಿಸದ ಸದ್ದನ್ನೂ ಆನ್ ಆಫ್ ಮಾಡಿ ನೋಡಿದರು. ತುಂಬಾ ಜನಕ್ಕೆ ಏನೇನೋ ಆಯಿತು, ಪಕ್ಕದಲ್ಲಿ ಯಾರೋ ಇದ್ದಂತೆ ಕೂಡ. ಆದರೆ ಆನ್ ಇದ್ದರೂ ಆಫ್ ಇದ್ದರೂ ವ್ಯತ್ಯಾಸ ಕಾಣಲಿಲ್ಲ. ಎಷ್ಟೋ ಸಲ ವಾದದಲ್ಲಿ ಗೆಲ್ಲೋಕೆ ಇದನ್ನು ಬಳಸಿದ್ದೇನೆ. ಚಿಕ್ಕಪ್ಪನ ಹತ್ತಿರ ಯಾಕೆ ಗೆಲ್ಲಬೇಕು?

 

ಫೋನ್ ಇಡುವಾಗ "ಹಾಗಾದ್ರೆ ಆ ಟಿಎಫ್2ನೇ ತರಿಸಿಕೊಡು, ನಾಳೆ ಫೋನ್ ಮಾಡ್ತೀನಿ" ಅಂದರು. ತರಿಸಿಕೊಟ್ಟರೆ ಅವರು ಸುಮ್ಮನಿರುವವರಲ್ಲ. ಮ್ಯಾನ್ಯುಯಲ್ ಪೂರ್ತಿ ಓದುತ್ತಾರೆ. ಒಂದೊಂದೇ ಮೋಡ್ ಹಾಕಿ, ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಗುಂಡಿಯನ್ನು ಆರ್‌ಎಫ್‌ಗೆ ಅಂದರೆ ರೇಡಿಯೊ ಅಲೆಗೆ ತಿರುಗಿಸಿ ಡ್ರಾಯರ್ ಹತ್ತಿರ ಹಿಡಿದರೆ ಅವರಿಗೇ ಗೊತ್ತಾಗಿಬಿಡುತ್ತೆ, ನಾನು ಹೇಳಲೇಬೇಕಾಗಿಲ್ಲ. ಅದು ಒಳ್ಳೆಯದೋ ಅಲ್ಲವೋ. ಬೇಡ ಚಿಕ್ಕಪ್ಪ, ಕೆ2ನೇ ಸಾಕು ಅಂದರೆ ಯಾಕೆ ಅಂತ ಕೇಳದೆ ಬಿಡ್ತಾರಾ? ಅರ್ಧ ಗಂಟೆ ಅದಕ್ಕೆ ಬೈದವರು ನಾವೇ ಅಲ್ವಾ, ಈಗ...