ಘಟ್ಟ ಇಳಿಯುವಾಗ ನ್ಯೂಟ್ರಲ್ ಬೇಡ ಮಾರಾಯ್ರೆ

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟದ ಮೇಲೆ ಓಡಾಡುವವರಿಗೆ ಒಂದು ಹಳೇ ಚಾಳಿ ಇದೆ. ಇಳಿಜಾರು ಶುರುವಾಯಿತೋ, ಗಾಡಿ ನ್ಯೂಟ್ರಲ್. ಕೆಲವರಂತೂ ಎಂಜಿನ್ನೇ ಬಂದ್ ಮಾಡಿ ಇಳಿಯುತ್ತಾರೆ. ನನ್ನ ಬೈಕಿನ ಹಿಂದೆ ಕೂತ ಮಾವನದೂ ಅದೇ ರಾಗ: “ನ್ಯೂಟ್ರಲ್ ಹಾಕಾ ತಮಾ, ಪೆಟ್ರೋಲ್ ಉಳಿತು.”

ಮಾವ ಹೇಳುವುದು ಅವರ ಕಾಲದ ಸ್ಕೂಟರಿಗೆ ಸರಿ. ಕಾರ್ಬ್ಯುರೇಟರ್ ಗಾಡಿಯಲ್ಲಿ ಎಕ್ಸಲರೇಟರ್ ಬಿಟ್ಟರೂ ಎಂಜಿನ್ ತಿರುಗುವಷ್ಟು ಹೊತ್ತು ಪೆಟ್ರೋಲ್ ಎಳೆಯುತ್ತಲೇ ಇರುತ್ತದೆ. ಆದರೆ 2020ರ ಏಪ್ರಿಲ್‌ನಲ್ಲಿ ಹೊಗೆ ಕಡಿಮೆ ಮಾಡುವ ಬಿಎಸ್6 ನಿಯಮ ಬಂದ ಮೇಲೆ ಹೊಸ ಬೈಕುಗಳೆಲ್ಲ ಹೆಚ್ಚುಕಮ್ಮಿ ಫ್ಯುಯೆಲ್ ಇಂಜೆಕ್ಷನ್ನಿನವು. ಇವುಗಳನ್ನು ಗೇರಿನಲ್ಲೇ ಇಟ್ಟು, ಎಕ್ಸಲರೇಟರ್ ಪೂರ್ತಿ ಬಿಟ್ಟು ಇಳಿಸಿದರೆ ಚಕ್ರವೇ ಎಂಜಿನ್ ತಿರುಗಿಸುತ್ತದೆ. ಸಾಮಾನ್ಯವಾಗಿ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಆಗ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಂದ್ ಮಾಡುತ್ತದೆ. ಒಂದು ಹನಿಯೂ ಹೋಗುವುದಿಲ್ಲ. ಎಂಜಿನ್ ತಿರುಗುವ ವೇಗ (ಆರ್‌ಪಿಎಂ) ತೀರಾ ಇಳಿದಾಗ ಮಾತ್ರ ಮತ್ತೆ ಚಾಲೂ. ಅದೇ ನ್ಯೂಟ್ರಲ್ ಹಾಕಿದರೆ, ನಿಂತು ಹೋಗದೆ ಇರಲಿಕ್ಕಾದರೂ ಎಂಜಿನ್ನಿಗೆ ಪೆಟ್ರೋಲ್ ಬೇಕೇ ಬೇಕು. ಉಳಿಸಲು ಹೋಗಿ ಸುಟ್ಟ ಹಾಗಾಯಿತು, ಅಲ್ವಾ?

ಪೆಟ್ರೋಲಿನ ಮಾತು ಬಿಡಿ, ಆ ತಿರುವುಗಳಲ್ಲಿ ಎಂಜಿನ್ ಹಿಡಿತವಿಲ್ಲದೆ ಬರೀ ಬ್ರೇಕ್ ನಂಬಿದರೆ ಬ್ರೇಕ್ ಕಾದು ಹಿಡಿಯುವುದೇ ಇಲ್ಲ. ಕಾರಿನಲ್ಲಿ ಎಂಜಿನ್ ಬಂದ್ ಮಾಡುವುದಂತೂ ಹುಚ್ಚುತನ. ಪವರ್ ಸ್ಟಿಯರಿಂಗ್ ಹೋಗುತ್ತದೆ, ನಾಲ್ಕು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಾಗುತ್ತದೆ.

ಹತ್ತುವಾಗ ಬೇರೆ ತಪ್ಪು. ಮೈಲೇಜ್ ಆಸೆಗೆ ಟಾಪ್ ಗೇರಿನಲ್ಲೇ ಎಳೆಸುತ್ತಾರೆ. ಎಂಜಿನ್ ಟಕಟಕ ಬಡಿದುಕೊಳ್ಳುವುದು ಕೇಳಿದರೆ ನನಗೇ ಹೊಟ್ಟೆ ಉರಿಯುತ್ತದೆ. ಒಂದು ಗೇರ್ ಇಳಿಸಿ, ಸಾಕು. ಟಾಪ್ ಗೇರ್ ಇರುವುದು ಘಟ್ಟ ಇಳಿದು ಕತಗಾಲ ದಾಟಿದ ಮೇಲಿನ ಸಪಾಟು ರಸ್ತೆಗೆ. ಅಲ್ಲಿ ಸಣ್ಣ ಗೇರಿನಲ್ಲಿ ಎಕ್ಸಲರೇಟರ್ ಚೂರೇ ತಿರುವಿ ಓಡಿಸಿದರೆ, ಎಂಜಿನ್ನಿಗೆ ಗಾಳಿ ಬಿಡುವ, ಅರ್ಧ ಮುಚ್ಚಿದ ಬಾಗಿಲಿನಿಂದ (ಥ್ರಾಟಲ್) ಗಾಳಿ ಎಳೆಯಲಿಕ್ಕೇ ಎಂಜಿನ್ನಿನ ಶಕ್ತಿ ಹೋಗುತ್ತದೆ.

ದೀವಗಿಯಲ್ಲಿ ಹೆದ್ದಾರಿ 66 ಸಿಕ್ಕ ಕೂಡಲೇ ಎಲ್ಲರಿಗೂ ರೆಕ್ಕೆ ಬರುತ್ತದೆ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಸುಮ್ನೆ 60ರ ಆಸುಪಾಸಿನಲ್ಲಿ ಹೋಗಿ, ಮೀನು ಮಾರ್ಕೆಟ್ ಎಲ್ಲೂ ಓಡಿಹೋಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಮೈಲೇಜ್ ಮೊದಲಿನಷ್ಟು ಬರದಿದ್ದರೆ ಮೆಕ್ಯಾನಿಕ್ ಮೇಲೆ ರೇಗಬೇಡಿ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಶೇ 20 ಬೆರೆಸಿದರೆ ಒಟ್ಟು ಶೇ 6–7ರಷ್ಟು ಖೋತಾ. ಅದಕ್ಕೆ ಯಾವ ಟ್ಯೂನಿಂಗೂ ಮದ್ದಲ್ಲ. ಟಯರಿನ ಗಾಳಿಯನ್ನಾದರೂ ಬೆಳಿಗ್ಗೆ, ಗಾಡಿ ಓಡಿಸುವ ಮೊದಲೇ ನೋಡಿಸಿ.