ಕುಡಿಯದವಳಿಗೆ ಮಧುವಿನ ಪದ್ಯ ಯಾಕೆ?

"ನೀವು ಕುಡಿಯುವವರಲ್ಲ. ಮತ್ತೆ ಈ ಕುಡುಕರ ಪದ್ಯಗಳ ಮೇಲೆ ಇಷ್ಟು ಪ್ರೀತಿ ಯಾಕೆ?" ನಮ್ಮ ಮನೆಗೆ ಬಂದು ಪುಸ್ತಕದ ಕಪಾಟು ನೋಡಿದವರು ತಪ್ಪದೆ ಕೇಳುವ ಮಾತಿದು. ಮೊನ್ನೆ ತಂಗಿಯ ಮಗನೂ ಅದನ್ನೇ ಕೇಳಿದ. "ದೊಡ್ಡಮ್ಮ, ಈ ಅನಾಕ್ರಿಯಾಂಟಿಕ್ ಅಂದ್ರೆ ಏನು? ಕುಡಿದು ಹಾಡೋ ಹಾಡಾ?"

ಪದದ ಅರ್ಥ ಕಷ್ಟದ್ದಲ್ಲ. ಪ್ರೀತಿಯನ್ನೂ ದ್ರಾಕ್ಷಾರಸವನ್ನೂ ಹಾಡುವ ಪುಟ್ಟ, ಹಗುರ ಪದ್ಯಕ್ಕೆ ಯುರೋಪಿನಲ್ಲಿ ಬಂದ ಹೆಸರದು. ಅನಾಕ್ರಿಯಾನ್ ಎಂಬ ಗ್ರೀಕ್ ಕವಿಯ ಹೆಸರಿನಿಂದ ಹುಟ್ಟಿದ್ದು. ಕ್ರಿ.ಪೂ. 6ನೇ ಶತಮಾನದವನು. ಅವನ ಊರು ತಿಯೋಸ್, ಈಗಿನ ಟರ್ಕಿಯ ಇಜ್ಮಿರ್ ಕಡೆಯ ಕಡಲತೀರದಲ್ಲಿತ್ತು.

ಹಗುರ ಪದ್ಯ ಬರೆದವನ ಬದುಕೂ ಹಗುರವಾಗಿತ್ತು ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. ಪರ್ಷಿಯದ ಸೈನ್ಯ ಬಂದಾಗ ತಿಯೋಸ್‌ನ ಜನ ಊರನ್ನೇ ಬಿಟ್ಟು ಹಡಗು ಹತ್ತಿದರು. ಉತ್ತರದ ಥ್ರೇಸ್ ತೀರದಲ್ಲಿ ಅಬ್ದೇರಾ ಎಂಬ ಊರು ಕಟ್ಟಿಕೊಂಡರು. ಆಮೇಲೆ ಅನಾಕ್ರಿಯಾನ್ ಸಾಮೋಸ್ ದ್ವೀಪದ ದೊರೆ ಪಾಲಿಕ್ರಟೀಸನ ಆಸ್ಥಾನದಲ್ಲಿದ್ದ. ಕ್ರಿ.ಪೂ. 522ರ ಹೊತ್ತಿಗೆ ಆ ದೊರೆಯನ್ನು ಮೋಸದಿಂದ ಕೊಂದರು. ಅಥೆನ್ಸಿನ ದೊರೆಮನೆತನದ ಹಿಪಾರ್ಕಸ್ ಐವತ್ತು ಹುಟ್ಟುಗಳ ಹಡಗು ಕಳಿಸಿ ಕವಿಯನ್ನು ಕರೆಸಿಕೊಂಡ ಅಂತ ಹಳೆಯ ಬರಹ ಹೇಳುತ್ತದೆ. 514ರಲ್ಲಿ ಹಿಪಾರ್ಕಸನೂ ಕೊಲೆಯಾದ. ಊರು ಹೋಯಿತು, ಆಶ್ರಯ ಕೊಟ್ಟ ಇಬ್ಬರೂ ಹೋದರು. ಅಂಥವನು ಬಟ್ಟಲು ಹಿಡಿದು ಹಾಡಿದ್ದೇನು?

ಅವನ ಪದ್ಯದ ಉಳಿದುಬಂದ ಒಂದು ತುಣುಕಿನಲ್ಲಿ ಅವನು ಹುಡುಗನನ್ನು ಕರೆದು ಬಟ್ಟಲು ತರಲು ಹೇಳುತ್ತಾನೆ. ಹತ್ತು ಸೌಟು ನೀರು, ಐದು ಸೌಟು ದ್ರಾಕ್ಷಾರಸ ಬೆರೆಸು ಅನ್ನುತ್ತಾನೆ. ನೀರೇ ಜಾಸ್ತಿ! ಮುಂದೆ ಇನ್ನೂ ಒಂದು ಮಾತು ಬರುತ್ತದೆ: ಸಿಥಿಯನ್ನರ (ಉತ್ತರದ ಅಲೆಮಾರಿ ಜನ) ಹಾಗೆ ಕೂಗಾಡುತ್ತಾ ಕುಡಿಯುವುದು ಬೇಡ, ಒಳ್ಳೆಯ ಹಾಡುಗಳ ನಡುವೆ ಮೆಲ್ಲಗೆ ಕುಡಿಯೋಣ. ದ್ರಾಕ್ಷಾರಸಕ್ಕೆ ನೀರು ಬೆರೆಸಿ ಕುಡಿಯುವುದು ಗ್ರೀಕರ ರೂಢಿ. ಬೆರೆಸದೆ ಕುಡಿಯುವವರು ಅವರ ಕಣ್ಣಿಗೆ ಒರಟರು. ಅನಾಕ್ರಿಯಾನನ ಬಟ್ಟಲಿನಲ್ಲಿ ಅಮಲಿಗಿಂತ ಅಳತೆ ದೊಡ್ಡದು. ಆ ಪದ್ಯ ಓದುವಾಗ ನನ್ನ ಮನಸ್ಸಿಗೆ ಬರುವುದು ಊಟ ಮುಗಿದ ಮೇಲೂ ಏಳದೆ ಕೂತು ಹಾಡುವ ನಾಲ್ಕು ಜನ ಗೆಳೆಯರು.

ಹಾಗಾದರೆ ಕುಡುಕನ ಹೆಸರು ಬಂದದ್ದು ಎಲ್ಲಿಂದ? ಅವನು ಸತ್ತ ಮೇಲೆ ನೂರಾರು ವರ್ಷ ಬೇರೆ ಬೇರೆಯವರು ಅವನ ಧಾಟಿಯಲ್ಲಿ ಬರೆದರು. ಅಂಥ ಸುಮಾರು 60 ಪದ್ಯಗಳು ಒಂದು ಹಳೆಯ ಹಸ್ತಪ್ರತಿಯಲ್ಲಿ ಉಳಿದವು. 1554ರಲ್ಲಿ ಆನ್ರಿ ಎಸ್ತಿಯೆನ್ ಎಂಬ ಫ್ರೆಂಚ್ ವಿದ್ವಾಂಸ ಪ್ಯಾರಿಸ್ಸಿನಲ್ಲಿ ಅವನ್ನು ಅಚ್ಚು ಹಾಕಿಸಿದ. ಎಲ್ಲವೂ ಅನಾಕ್ರಿಯಾನನವೇ ಅಂತ ಯುರೋಪು ನಂಬಿತು. ಫ್ರಾನ್ಸ್, ಇಂಗ್ಲೆಂಡ್, ಜರ್ಮನಿಯ ಕವಿಗಳು ಅದೇ ದಾರಿ ಹಿಡಿದರು. ಲಂಡನ್ನಿನಲ್ಲಿ ಅವನ ಹೆಸರಿನ ಸಂಗೀತ ಸಂಘವೇ ಇತ್ತು. ಆ ಸಂಘದ ಹಾಡಿನ ರಾಗವೇ ಇವತ್ತು ಅಮೆರಿಕದ ರಾಷ್ಟ್ರಗೀತೆಯ ರಾಗ.

ಆ 60ರಲ್ಲಿ ಚೆಂದದವು ಇವೆ. ಭೂಮಿ ಮಳೆ ಕುಡಿಯುತ್ತದೆ, ಮರ ಭೂಮಿಯನ್ನು ಕುಡಿಯುತ್ತದೆ, ಸೂರ್ಯ ಕಡಲನ್ನು, ಚಂದ್ರ ಸೂರ್ಯನನ್ನು. ನಾನು ಕುಡಿದರೆ ಮಾತ್ರ ಯಾಕೆ ಜಗಳ ಅನ್ನುವ ಪದ್ಯ ಎಲ್ಲರಿಗೂ ಇಷ್ಟವಾಗುತ್ತದೆ. ನನಗೂ ಇಷ್ಟ. ಆದರೆ ನಿಜವಾದ ಅನಾಕ್ರಿಯಾನನ ಒಂದು ತುಣುಕಿನ ಪಕ್ಕ ಇಟ್ಟರೆ ಅದು ತೆಳು ಅನ್ನಿಸುತ್ತದೆ.

ಇಂಥ ಅನೇಕ ಪದ್ಯಗಳ ನಡಿಗೆಯನ್ನು ನಮ್ಮ ಛಂದಸ್ಸಿನ ಲೆಕ್ಕದಲ್ಲಿ ನೋಡಿದರೆ ಖುಷಿಯಾಗುತ್ತದೆ. ಒಂದು ಸಾಲಿಗೆ ಎಂಟು ಅಕ್ಷರ: ಸ ಗಣ, ಜ ಗಣ, ಕೊನೆಗೆ ಎರಡು ಗುರು. ಒಟ್ಟು 12 ಮಾತ್ರೆ. ತಾಳ ಹಾಕಿ ನೋಡಿ, ಕಾಲು ತಾನೇ ಕುಣಿಯುತ್ತದೆ.

"ಉಮರ್ ಖಯ್ಯಾಮನ ಹಾಗೇ ಅಲ್ವಾ?" ಅಂತ ಕೆಲವರು ಕೇಳುತ್ತಾರೆ. ಆ ಪರ್ಷಿಯನ್ ಕವಿಯ ಪದ್ಯಗಳನ್ನು ಡಿ.ವಿ.ಜಿ.ಯವರು ಕನ್ನಡಕ್ಕೆ ತಂದ 'ಉಮರನ ಒಸಗೆ' ಓದಿದ ಕನ್ನಡಿಗರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಇಬ್ಬರ ನಡುವೆ ಸುಮಾರು 1600 ವರ್ಷಗಳ ಅಂತರವಿದೆ. ನಮ್ಮಲ್ಲೂ ಮಧುಪಾನ ಹೊಸದೇನಲ್ಲ. ಮಹಾಕಾವ್ಯದಲ್ಲಿ ಇರಬೇಕಾದ ಹದಿನೆಂಟು ವರ್ಣನೆಗಳಲ್ಲಿ ಅದೂ ಒಂದು.

ಪ್ರೀತಿಯ ಪದ್ಯಗಳಿಗೆ ಬರೋಣ. ಹೊಂಗೂದಲಿನ ಎರೋಸ್, ಅವರ ಪ್ರೇಮದೇವ, ಕವಿಗೆ ಒಂದು ಕೆನ್ನೀಲಿ ಚೆಂಡು ಎಸೆಯುತ್ತಾನೆ. ಬಣ್ಣದ ಚಪ್ಪಲಿ ಹಾಕಿದ ಹುಡುಗಿಯ ಜೊತೆ ಆಡು ಬಾ ಅನ್ನುತ್ತಾನೆ. ಅವಳು ಲೆಸ್ಬೋಸ್ ದ್ವೀಪದವಳು. ಇವನ ಬಿಳಿಗೂದಲು ನೋಡಿ ಬೇಡ ಅಂದು ಬೇರೆ ಕಡೆ ಬಾಯಿಬಿಟ್ಟು ನೋಡುತ್ತಾಳೆ. ಅಷ್ಟೇ ಪದ್ಯ. ಇನ್ನೊಂದರಲ್ಲಿ ಅದೇ ಎರೋಸ್ ಕಮ್ಮಾರನ ಹಾಗೆ ದೊಡ್ಡ ಕೊಡಲಿಯಲ್ಲಿ ಹೊಡೆದು, ಚಳಿಗಾಲದ ಹಳ್ಳದಲ್ಲಿ ಅದ್ದಿದ ಅಂತಾನೆ. ಕಾದ ಕಬ್ಬಿಣವನ್ನು ನೀರಿಗೆ ಅದ್ದುವ ಸದ್ದು ಕೇಳಿಸುತ್ತದೆ.

ಮುಪ್ಪಿನ ಪದ್ಯವೂ ಇದೆ. ಕಣತಲೆಯ ಕೂದಲು ನರೆಯಿತು, ಹಲ್ಲು ಹಳೆಯದಾಯಿತು, ಸಿಹಿ ಬದುಕು ಇನ್ನು ಜಾಸ್ತಿ ಉಳಿದಿಲ್ಲ. ಪಾತಾಳಕ್ಕೆ ಹೆದರಿ ಅಳುತ್ತೇನೆ. ಇಳಿದವರು ಹತ್ತಿ ಬರುವ ಹಾಗಿಲ್ಲ. ಹತ್ತು ಸೌಟು ನೀರಿಗೆ ಐದು ಸೌಟು ಅಂತ ಅಳೆದವನೇ ಇದನ್ನೂ ಬರೆದ. ಇದನ್ನು ಓದಿದ ಮೇಲೆ ಅವನನ್ನು ಕುಡುಕ ಅನ್ನಲು ನನಗೆ ಬಾಯಿ ಬರುವುದಿಲ್ಲ.

ತಂಗಿಯ ಮಗನಿಗೆ ಇಷ್ಟನ್ನೂ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆ ಚೆಂಡಿನ ಪದ್ಯ ಇನ್ನೊಂದ್ಸಲ ಓದು ದೊಡ್ಡಮ್ಮ" ಅಂದ.