ಶಿಲ್ಪ ತರಗತಿ, ನಾಲ್ಕನೇ ವಾರ: ಬೆನ್ನ ಕಡೆ ಕೂತವಳ ಕಥೆ

ಮೊದಲ ಮೂರು ವಾರ ಮಕ್ಕಳ ಕೈಯನ್ನು ಜೇಡಿಮಣ್ಣಿಗೆ ಪಳಗಿಸುವುದರಲ್ಲೇ ಕಳೆಯಿತು. ಒಂದು ತಪ್ಪು ಮಾತ್ರ ಬರೆದಿಡುತ್ತೇನೆ. ಒಳಗೆ ತಂತಿ ಇಟ್ಟು ಮಣ್ಣಿನ ಗೊಂಬೆ ಮಾಡಿಸಿದ್ದೆ. ಮಣ್ಣು ಒಣಗುವಾಗ ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ. ಕೈಕಾಲೆಲ್ಲ ಬಿರುಕು ಬಿಟ್ಟವು. ಈಗ ತಂತಿಯ ಮೇಲೆ ಎಣ್ಣೆ ಬೆರೆಸಿದ, ಒಣಗದ ಜೇಡಿಯನ್ನೇ ಹಚ್ಚುತ್ತಿದ್ದೇವೆ.

ಈ ವಾರಕ್ಕೆ ಫ್ರೆಂಚ್ ಶಿಲ್ಪಿ ರೋಡಿನ್ ಅವರ ‘ಕ್ಯಾಲೆಯ ನಾಗರಿಕರು’ ಶಿಲ್ಪವನ್ನು ಆರಿಸಿಕೊಂಡೆ. ಆರು ಜನರ ಗುಂಪು. ಒಬ್ಬನ ಕೈಯಲ್ಲಿ ದೊಡ್ಡ ಕೀಲಿಕೈ, ಇನ್ನೊಬ್ಬ ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದಾನೆ. ಎಲ್ಲರ ಮುಖವೂ ಒಂದೇ ಕಡೆಯಿಂದ ಸರಿಯಾಗಿ ಕಾಣುವುದಿಲ್ಲ. ನನಗೆ ಬೇಕಾಗಿದ್ದೂ ಅದೇ.

ಜೇಡಿಯಲ್ಲಿ ಅದರದೊಂದು ಚಿಕ್ಕ ರೂಪ ಮಾಡಿ ನಡುವೆ ಇಟ್ಟೆ. ಮಕ್ಕಳು ಸುತ್ತ ಕೂತರು. ಕಥೆ ಹೇಳಲಿಲ್ಲ. ಕೂತಲ್ಲಿಂದ ಕಂಡದ್ದನ್ನು ಮೂರು ವಾಕ್ಯದಲ್ಲಿ ಬರೆಯಿರಿ ಎಂದೆ, ಅಷ್ಟೇ. ಎದುರಿಗಿದ್ದ ಹುಡುಗ ‘ಯಾರೋ ಕರೆದಿದ್ದಾರೆ, ಇವರು ಬರುತ್ತಿದ್ದಾರೆ’ ಎಂದು ಬರೆದ. ಬೆನ್ನ ಕಡೆ ಕೂತ ಹುಡುಗಿ ‘ಇವರು ನನ್ನನ್ನು ಬಿಟ್ಟು ಹೋಗುತ್ತಿದ್ದಾರೆ’ ಎಂದು ಬರೆದಳು. ‘ನನ್ನನ್ನು’ ಎಂಬ ಆ ಪದ ಓದಿ ನಾನು ಸುಮ್ಮನಾಗಿಬಿಟ್ಟೆ. ನೋಟದ ಕೋನದ ಬಗ್ಗೆ ನಾನು ಹೇಳಬೇಕೆಂದಿದ್ದ ಪಾಠ ಅವಳ ಒಂದು ಸಾಲಿನಲ್ಲೇ ಇತ್ತು, ಅಲ್ವಾ?

ಆಮೇಲೆ ನಿಜವಾದ ಕಥೆ ಹೇಳಿದೆ. 1347ರಲ್ಲಿ ಇಂಗ್ಲೆಂಡಿನ ದೊರೆಯ ಮುತ್ತಿಗೆಗೆ ಸೋತ ಫ್ರಾನ್ಸಿನ ಕ್ಯಾಲೆ ಊರನ್ನು ಉಳಿಸಲು ಆರು ಜನ ಕೊರಳಿಗೆ ಹಗ್ಗ ಹಾಕಿಕೊಂಡು, ಕೀಲಿಕೈ ಒಪ್ಪಿಸಲು ಹೊರಟರು. ರಾಣಿ ಬೇಡಿಕೊಂಡದ್ದರಿಂದ ಜೀವ ಉಳಿಯಿತು. ಬೆನ್ನ ಕಡೆ ಕೂತಿದ್ದವಳು ತಕ್ಷಣ, ‘ಹಾಗಾದರೆ ನಾನು ಊರಲ್ಲಿ ಉಳಿದವಳು’ ಎಂದಳು.

ಮರುದಿನ ಅದೇ ಶಿಲ್ಪವನ್ನು ಬೀರುವಿನ ಮೇಲಿಟ್ಟೆವು, ಆಮೇಲೆ ನೆಲದ ಮೇಲೆ. ಎತ್ತರದಲ್ಲಿದ್ದಾಗ ಮಕ್ಕಳ ಬರಹದಲ್ಲಿ ‘ವೀರರು’ ಜಾಸ್ತಿ ಬಂದರು. ನೆಲದ ಮೇಲಿಟ್ಟು, ಪಕ್ಕದಲ್ಲಿ ಮಲಗಿ ನೋಡಿದಾಗ ‘ಹೆದರಿದ್ದಾರೆ’ ಎಂಬ ಮಾತು ಬಂತು. ಮೂಲ ಶಿಲ್ಪ ಜನರ ಮಟ್ಟದಲ್ಲೇ ನಿಲ್ಲಬೇಕೆಂದು ರೋಡಿನ್ ಬಯಸಿದ್ದರು. ಆದರೆ 1895ರಲ್ಲಿ ಅದನ್ನು ಎತ್ತರದ ಪೀಠದ ಮೇಲೆ ನಿಲ್ಲಿಸಿದರು. ತಗ್ಗಾದ ಪೀಠಕ್ಕೆ ಬಂದದ್ದು 1924ರಲ್ಲಿ, ರೋಡಿನ್ ತೀರಿಕೊಂಡ ಮೇಲೆ. ಇದನ್ನು ಕೇಳಿ ಮಕ್ಕಳಿಗೆ ನಿಜಕ್ಕೂ ಬೇಜಾರಾಯಿತು.

ಇನ್ನೂ ಸರಿಯಾಗದ ವಿಷಯವೂ ಇದೆ. ಹಲವರು ‘ದುಃಖವಾಗಿದೆ’ ಎಂದಷ್ಟೇ ಬರೆದು ಬಿಡುತ್ತಾರೆ. ಯಾವ ಭುಜ, ಯಾವ ಬೆರಳು ಹಾಗೆ ಹೇಳಿತು ಎಂದು ಪ್ರತಿ ಸಲ ಕೇಳಬೇಕು.

ಈಗ ಇಬ್ಬಿಬ್ಬರು ಸೇರಿ ಎರಡು ಗೊಂಬೆ ಮಾಡುತ್ತಿದ್ದಾರೆ. ಎರಡು ಕಡೆಯಿಂದ ಎರಡು ಕಥೆ ಕಾಣಬೇಕು. ಒಂದು ಜೋಡಿ ಆಗಲೇ ಶುರು ಮಾಡಿದೆ: ಈ ಕಡೆಯಿಂದ ಗೆಳೆಯರ ಅಪ್ಪುಗೆ, ಆ ಕಡೆ ಹೋದರೆ ಒಬ್ಬನ ಬೆನ್ನ ಹಿಂದಿನ ಕೈಯಲ್ಲಿ ಕಲ್ಲು. ಕಲ್ಲನ್ನು ಇನ್ನಷ್ಟು ಚಿಕ್ಕದು ಮಾಡಬೇಕೇ ಎಂದು ಇಬ್ಬರೂ ಇನ್ನೂ ವಾದಿಸುತ್ತಿದ್ದಾರೆ.